ಕಲ್ಲುಮೊಟ್ಟೆಯ ಒಳಗೆ

3 ಜೂನ್ 2013, ಸೋಮವಾರ

ಇವತ್ತು ಹದಿನಾಲ್ಕು ಅಲ್ಯೂಮಿನಿಯಂ ಎರಕಗಳನ್ನು ನೋಡಿದೆ. ಎರಡರೊಳಗೆ ಗಾಳಿಗುಳ್ಳೆ ಇತ್ತು. ಬರೆದು ಕಳಿಸಿದೆ.

ನನ್ನ ಕೆಲಸ ಇಷ್ಟೇ. ಪೀಣ್ಯದ ಕಾರ್ಖಾನೆಗಳಿಂದ ಲೋಹದ ಭಾಗಗಳು ನಮ್ಮ ಲ್ಯಾಬಿಗೆ ಬರುತ್ತವೆ. ಸೀಸದ ಗೋಡೆಯ ಕೋಣೆಯಲ್ಲಿ ತಿರುಗುವ ಮೇಜಿನ ಮೇಲಿಟ್ಟು ಬಾಗಿಲು ಹಾಕುತ್ತೇನೆ. ಅದು ಒಂದು ಸುತ್ತು ತಿರುಗುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಎಕ್ಸ್‌ರೇ ಚಿತ್ರಗಳು ಬೀಳುತ್ತವೆ. ಕಂಪ್ಯೂಟರ್ ಅವನ್ನೆಲ್ಲ ಸೇರಿಸಿ ವಸ್ತುವನ್ನು ಬ್ರೆಡ್ಡಿನ ಹಾಗೆ ಹೋಳು ಹೋಳಾಗಿ ತೋರಿಸುತ್ತದೆ. ಕೊಯ್ಯುವುದೂ ಬೇಡ, ಒಡೆಯುವುದೂ ಬೇಡ. ಕಂಡದ್ದನ್ನು ಬರೆಯುತ್ತೇನೆ, ಕಾಣದ್ದನ್ನು ಬರೆಯುವುದಿಲ್ಲ. ಮೊದಲು ಫಿಲ್ಮಿನ ಎಕ್ಸ್‌ರೇ ಇತ್ತು, ಎರಡು ವರ್ಷದಿಂದ ಈ ಸಿ.ಟಿ. ಯಂತ್ರ. ಒಟ್ಟು ಹದಿನಾರು ವರ್ಷವಾಯಿತು.

ಮನೆಗೆ ಬಂದಾಗ ಅತ್ತೆ ಊಟ ಮುಚ್ಚಿಟ್ಟು ತಮ್ಮ ಕೋಣೆಗೆ ಹೋಗಿದ್ದರು. ಅವರನ್ನು ಮಾತಾಡಿಸಿ ನಾಲ್ಕು ತಿಂಗಳ ಮೇಲಾಯಿತು. ಜನವರಿಯಲ್ಲಿ ಆ ಮನುಷ್ಯ, ನನ್ನ ಗಂಡ, ತೀರಿಹೋದ. ಹೊಟ್ಟೆಯಲ್ಲಿರುವುದು ಕ್ಯಾನ್ಸರ್ ಎಂದು ಅವನಿಗೆ ಸೆಪ್ಟೆಂಬರಿನಲ್ಲೇ ಗೊತ್ತಿತ್ತು. ಅವನ ತಾಯಿಗೂ ಗೊತ್ತಿತ್ತು. ನನಗೆ ಮಾತ್ರ ಗ್ಯಾಸ್ಟ್ರಿಕ್ ಎಂದು ಹೇಳಿದ್ದರು. ನವೆಂಬರಿನಲ್ಲಿ ನನ್ನನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋದ, ದಾರಿಯುದ್ದಕ್ಕೂ ನಗಿಸಿದ. ಎಲ್ಲ ನಾಟಕ. ಕೂದಲೆಳೆಯಷ್ಟು ಬಿರುಕನ್ನೂ ಬಿಡದೆ ಹುಡುಕುವವಳು ನಾನು. ನನ್ನ ಮನೆಯಲ್ಲೇ ಅಷ್ಟು ದೊಡ್ಡದನ್ನು ಬಚ್ಚಿಟ್ಟರು.

ಯಾರ ಹತ್ತಿರವೂ ಆಡದಿದ್ದರೆ ಬರೆದಾದರೂ ಇಡು ಎಂದಳು ಅಕ್ಕ. ಅದಕ್ಕೆ ಈ ಪುಸ್ತಕ.

8 ಜೂನ್, ಶನಿವಾರ

ಮಧ್ಯಾಹ್ನ ಆಟೋದಿಂದ ಇಬ್ಬರು ಮುದುಕರು ಇಳಿದರು. ಮುಂದೆ ಬಂದವರು ನರಸಿಂಹಯ್ಯ ಮೇಷ್ಟ್ರು. ನಮ್ಮ ಲ್ಯಾಬಿನ ಮಾಲೀಕರಾದ ಬಾಲಾಜಿ ಸರ್‌ಗೆ ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ಕಲಿಸಿದವರು. ಎಪ್ಪತ್ತೆರಡು ವಯಸ್ಸು, ತೆಳ್ಳಗಿದ್ದಾರೆ, ನಾಲ್ಕು ಹೆಜ್ಜೆಗೆ ಒಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಾರೆ. ಹಿಂದೆ ವೈರ್ ಬ್ಯಾಗನ್ನು ಎದೆಗವಚಿಕೊಂಡು ಬಂದವರು ಆಂಜಿನಪ್ಪ, ಅದೇ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದವರು. ಅಬ್ಬಿಗೆರೆಯವರಂತೆ. ರಿಟೈರ್ ಆದ ಮೇಲೂ ದಿನಾ ಮೇಷ್ಟ್ರ ಮನೆಗೆ ಹೋಗಿ ಬರುತ್ತಾರಂತೆ.

ಬ್ಯಾಗಿನೊಳಗೆ ಹಳೆಯ ಪಂಚೆಯಲ್ಲಿ ಸುತ್ತಿದ ಕಲ್ಲು ಇತ್ತು. ಸುಲಿದ ತೆಂಗಿನಕಾಯಿಯ ಗಾತ್ರ, ಮೈಯೆಲ್ಲ ಸಣ್ಣ ಬಿರುಕು.

“ನೋಡಮ್ಮ, ಇದು ಡೈನೋಸಾರ್ ಮೊಟ್ಟೆ. ಆರೂವರೆ ಕೋಟಿ ವರ್ಷಕ್ಕಿಂತ ಹಳೇದು. ಎಂಬತ್ತಮೂರರಲ್ಲಿ ಹುಡುಗರನ್ನ ನರ್ಮದಾ ಕಡೆ ಟೂರ್ ಕರ್ಕೊಂಡು ಹೋದಾಗ ಸಿಕ್ತು. ಒಳಗೆ ಮರಿ ಇದೆಯೋ ಇಲ್ವೋ ಅನ್ನೋದೇ ಪ್ರಶ್ನೆ” ಎಂದರು ಮೇಷ್ಟ್ರು.

“ಕೊಯ್ದು ನೋಡ್ಲಿಲ್ವಾ ಸಾರ್ ಇಷ್ಟು ದಿನ?”

“ಕೊಡಿ, ಕೊಯ್ದು ನೋಡ್ತೀವಿ ಅಂತ ಎಷ್ಟೋ ಜನ ಬಂದ್ರು. ಕೊಡ್ಲಿಲ್ಲ. ಒಂದ್ಸಲ ಕೊಯ್ದ ಮೇಲೆ ಮತ್ತೆ ಮೊಟ್ಟೆ ಆಗುತ್ತಾ? ಒಡೆಯದೆ ನೋಡೋ ಕಾಲ ಬರುತ್ತೆ ಅಂತ ಕಾದೆ, ಮೂವತ್ತು ವರ್ಷ. ಮುಂದಿನ ತಿಂಗಳು ನನಗೆ ಹಾರ್ಟ್ ಆಪರೇಷನ್. ಅದಕ್ಕೆ ಮುಂಚೆ ತಿಳ್ಕೊಂಡ್ಬಿಡೋಣ ಅಂತ.”

“ಯಾಕೆ ಸಾ ಈಗ ಅದ್ನ ಕೆದಕೋದು?” ಎಂದರು ಆಂಜಿನಪ್ಪ. “ಬಿಸ್ಲು ಬ್ಯಾರೆ. ಮನೆಗೋಗಾಣ ನಡೀರಿ.”

ಮೇಷ್ಟ್ರು ನಕ್ಕರು. “ಇವನಿಗೆ ನನಗಿಂತ ಜಾಸ್ತಿ ಭಯ. ಕಾಲೇಜಲ್ಲಿ ಇದನ್ನ ಇಟ್ಟಿದ್ದ ಬೀರು ಕೀಲಿಕೈ ಯಾವಾಗ್ಲೂ ಇವನ ಸೊಂಟದಲ್ಲೇ ಇರ್ತಿತ್ತು.” ಆಮೇಲೆ ಬಾಲಾಜಿ ಸರ್ ಕಡೆ ತಿರುಗಿದರು. “ಅಲ್ಲಯ್ಯಾ, ಮೂಳೆಯೂ ಕಲ್ಲಾಗಿರುತ್ತೆ. ಎಕ್ಸ್‌ರೇಗೆ ಎರಡೂ ಒಂದೇ ಥರ ಕಂಡ್ರೆ?”

“ಆಗ ನ್ಯೂಟ್ರಾನ್ ಇದೆ ಸಾರ್. ಅದು ಸೀಸದಲ್ಲೂ ತೂರಿಕೊಂಡು ಹೋಗುತ್ತೆ. ಎಕ್ಸ್‌ರೇಗೆ ಸರಿಯಾಗಿ ಕಾಣದ ಅಂಟು, ನೀರಿನ ಪಸೆ, ಅವೆಲ್ಲ ಅದರಲ್ಲಿ ಎದ್ದು ಕಾಣುತ್ತೆ. ಆದ್ರೆ ಅಣು ರಿಯಾಕ್ಟರ್ ಇರೋ ಕಡೆ ಕಳಿಸ್ಬೇಕು. ಮೊದಲು ಇಲ್ಲಿ ನೋಡೋಣ.”

“ಅಂಟೂ ಕಾಣ್ತದಾ?” ಎಂದು ಕೇಳಿದರು ಆಂಜಿನಪ್ಪ. ನಾನು ಕಲ್ಲನ್ನು ಎತ್ತಿ ತಿರುಗುವ ಮೇಜಿನ ಮೇಲೆ ಕೂರಿಸುತ್ತಿದ್ದೆ.

ಸ್ಕ್ಯಾನ್ ಶುರುವಾಗಿ ನಲವತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಅಷ್ಟೂ ವ್ಯರ್ಥ. ಕಲ್ಲನ್ನು ಸೋಮವಾರದವರೆಗೆ ಇಲ್ಲೇ ಬಿಟ್ಟು ಹೋಗಿ ಎಂದೆ. ಮೇಷ್ಟ್ರು ಒಪ್ಪಿದರು. ಆಂಜಿನಪ್ಪ ಗೇಟಿನವರೆಗೆ ಹೋಗಿ ಎರಡು ಸಲ ಹಿಂದೆ ನೋಡಿದರು.

10 ಜೂನ್, ಸೋಮವಾರ

ಸ್ಕ್ಯಾನ್ ಮುಗಿಯಿತು. ಹನ್ನೊಂದು ಗಂಟೆಗೆ ಮೊದಲ ಹೋಳು ಪರದೆಯ ಮೇಲೆ ಬಂತು. ನಾನು ಯಂತ್ರ ಕೆಟ್ಟಿದೆ ಎಂದುಕೊಂಡೆ.

ಕಂಡದ್ದು ಇಷ್ಟು. ಹೊರಗೆ ಚಿಪ್ಪಿನ ಬೆಳ್ಳನೆ ಬಳೆ, ಎರಡು ಮಿಲಿಮೀಟರ್ ದಪ್ಪ. ಬಳೆ ಹಲವು ಕಡೆ ತುಂಡಾಗಿದೆ, ತುಂಡುಗಳ ನಡುವೆ ಕಪ್ಪು ಗೆರೆ. ಒಳಗೆ ತಳದಲ್ಲಿ ಮಾತ್ರ ಎರಡು ಬೆರಳಿನಷ್ಟು ನಿಜವಾದ ಕಲ್ಲಿದೆ. ಅದರ ಮೇಲಿನದೆಲ್ಲ ಬೇರೆ ವಸ್ತು. ಅದರ ತುಂಬ ದುಂಡನೆಯ ಗಾಳಿಗುಳ್ಳೆಗಳು, ಕಲಸಿ ಹುಯ್ದ ಪ್ಲಾಸ್ಟರಿನಲ್ಲಿ ಇರುವಂಥವು. ಆ ಪ್ಲಾಸ್ಟರಿನೊಳಗೆ ಕಣ್ಣು ಕುಕ್ಕುವ ಹಾಗೆ ಹೊಳೆಯುವ ಮೂರು ಕಡ್ಡಿಗಳು. ಒಂದರ ತುದಿಯಲ್ಲಿ ಸ್ಕ್ರೂವಿನ ಹಾಗೆ ಸುತ್ತುಗೆರೆ.

ಸೈಕಲ್ ಚಕ್ರದ ಕಡ್ಡಿಗಳು.

ಬಾಲಾಜಿ ಸರ್ ಬಂದು ನೋಡಿದರು. “ಯಾರೋ ಒಡೆದು ಜೋಡ್ಸಿದಾರೆ. ಶ್ಯಾಮಲಾ, ನೀವೇ ಹೇಳ್ಬಿಡಿ. ನಾನು ಅವರ ಹತ್ರ ಓದಿದೋನು, ನನ್ನ ಕೈಲಾಗಲ್ಲ.”

ಆಯಿತು ಎಂದೆ. ಇದ್ದದ್ದನ್ನು ಹೇಳುವುದರಲ್ಲಿ ಏನು ಕಷ್ಟ?

12 ಜೂನ್, ಬುಧವಾರ

ಆಂಜಿನಪ್ಪ ಒಬ್ಬರೇ ಬಂದರು. ಸೆಕ್ಯುರಿಟಿಯವನು ಬಿಡದೆ ಗೇಟಿನ ಹೊರಗೇ ನಿಂತಿದ್ದರು. ನಾನು ಊಟದ ಹೊತ್ತಿಗೆ ಹೊರಗೆ ಹೋದೆ.

“ಕಂಡ್ತಾ ಮೇಡಂ?”

“ಕಂಡ್ತು.”

ಗೋಡೆ ಹಿಡಿದು ಹಾಗೆಯೇ ಕೂತರು. ಹೇಳಿಕೊಂಡರು. ಎಂಬತ್ತಾರನೇ ಇಸವಿಯ ಆಯುಧಪೂಜೆ. ಬೀರು ಒರೆಸಲೆಂದು ಮೊಟ್ಟೆಯನ್ನು ಎತ್ತಿ ಮೇಜಿನ ಮೇಲಿಟ್ಟಿದ್ದರಂತೆ. ಉರುಳಿ ಬಿತ್ತು. ಮೇಷ್ಟ್ರು ದಸರಾ ರಜೆಗೆ ಊರಿಗೆ ಹೋಗಿದ್ದರು. ಆಂಜಿನಪ್ಪ ಆಗಿನ್ನೂ ಟೆಂಪರರಿ ಅಟೆಂಡರ್. ಕಾಯಂ ಮಾಡಬೇಕೆಂದು ಮೇಷ್ಟ್ರೇ ಪ್ರಿನ್ಸಿಪಾಲರಿಗೆ ಪತ್ರ ಬರೆದು ಒಂದು ವಾರವಾಗಿತ್ತು.

“ಒಳಗಿದ್ದಿದ್ದು ಪುಡಿಪುಡಿ ಆಗೋಯ್ತು ಮೇಡಂ. ಕಸದ್ ಜೊತೆ ಗುಡ್ಸಿ ಹೊಸ ಕಟ್ಟಡದ ಪಾಯಕ್ಕೆ ಸುರಿದ್ಬುಟ್ಟೆ. ಏನಿತ್ತು ಅಂತ ನೋಡಕೂ ಆಗ್ಲಿಲ್ಲ, ಕಣ್ಣಾಗೆ ಬರೀ ನೀರು. ಚಿಪ್ಪು ಮಾತ್ರ ಒಂದೊಂದೇ ಆಯ್ಕಂಡು, ಒಳಗೆ ಸೈಕಲ್ ಕಡ್ಡಿ ನಿಲ್ಸಿ ಪ್ಲಾಸ್ಟರ್ ಹುಯ್ದು, ಹನ್ನೊಂದು ದಿನ ಕೂತು ಅಂಟಿಸ್ದೆ. ಮೇಷ್ಟ್ರು ಬಂದು ಬೀರು ತೆಗ್ದು ನೋಡಿ ಮುಚ್ಚಿದ್ರು. ಅವತ್ತಿಂದ ಯೋಳಾಣ ಯೋಳಾಣ ಅಂತ ಇಪ್ಪತ್ತೇಳು ವರ್ಸ ಆಗೋಯ್ತು. ನಿಮ್ ಕಾಲಿಗ್ ಬೀಳ್ತೀನಿ, ಏನೂ ಕಾಣ್ಲಿಲ್ಲ ಅಂದ್ಬುಡಿ. ಆಪರೇಸನ್ ಒಂದು ಮುಗೀಲಿ. ಆಮೇಕೆ ನಾನೇ ಯೋಳ್ತೀನಿ.”

“ಆಪರೇಷನ್ನಲ್ಲಿ ಅವರಿಗೆ ಹೆಚ್ಚುಕಮ್ಮಿ ಆದ್ರೆ? ಆಗ ಯಾರಿಗೆ ಹೇಳ್ತೀರಿ?”

ನನಗೆ ಸಿಟ್ಟು ಏರಿತ್ತು. “ನಿಮ್ಮಂಥವರಿಗೆ ಯಾವಾಗ್ಲೂ ಆಮೇಲೆ. ಅವರ ಒಳ್ಳೇದಕ್ಕೇ ಬಚ್ಚಿಟ್ವಿ ಅಂತೀರಿ. ಒಳ್ಳೇದು ಅವರಿಗಲ್ಲ, ನಿಮಗೆ. ತಿಳಿಯೋ ಹಕ್ಕು ಅವರಿಗಿಲ್ವಾ?” ಎಂದೆ. ದನಿ ಏರಿತ್ತು ಅನ್ನಿಸುತ್ತದೆ. ಸೆಕ್ಯುರಿಟಿಯವನು ತಿರುಗಿ ನೋಡಿದ.

ಸರಿಯಾಗಿಯೇ ಹೇಳಿದೆ.

15 ಜೂನ್, ಶನಿವಾರ

ಹೇಳಿದೆ.

ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಬಂದಿದ್ದರು. ಹೋಳುಗಳನ್ನು ಒಂದೊಂದಾಗಿ ತೋರಿಸಿದೆ. ಇದು ಚಿಪ್ಪು, ಇದು ಅಂಟು, ಇದು ಪ್ಲಾಸ್ಟರ್, ಇವು ಸೈಕಲ್ ಕಡ್ಡಿ. ಎರಕದ ರಿಪೋರ್ಟ್ ಓದುವ ಹಾಗೆಯೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಯಾವಾಗ ಆಗಿದ್ದು ಅಂತ ಗೊತ್ತಾಗುತ್ತಾ?”

ನಾನು ಬಾಗಿಲ ಕಡೆ ನೋಡಿದೆ. ಅಲ್ಲಿ ಆಂಜಿನಪ್ಪ ಚಪ್ಪಲಿ ಕಳಚಿ ನಿಂತಿದ್ದರು.

“ಎಂಬತ್ತಾರರ ದಸರಾದಾಗೆ ಸಾ” ಎಂದರು. “ನಾನೇ.”

ಮೇಷ್ಟ್ರು ಬೈಯಲಿಲ್ಲ. ಅವರ ಮುಖವನ್ನೂ ನೋಡಲಿಲ್ಲ. ಕಲ್ಲನ್ನು ತಾವೇ ಪಂಚೆಯಲ್ಲಿ ಸುತ್ತಿದರು. ಗಂಟು ಕೂರಲಿಲ್ಲ. ಆಂಜಿನಪ್ಪ ಕೈ ಚಾಚಿದಾಗ “ಬೇಡ” ಎಂದರು. ಅಷ್ಟೇ. ಬಾಲಾಜಿ ಸರ್ ತಮ್ಮ ಕಾರಿನಲ್ಲಿ ಅವರನ್ನು ಮನೆಗೆ ಬಿಟ್ಟರು. ಆಂಜಿನಪ್ಪ ಮೆಟ್ರೋ ಕಂಬಗಳ ಕೆಳಗೆ ನಡೆದುಕೊಂಡು ಹೋದರು. ವೈರ್ ಬ್ಯಾಗು ಖಾಲಿಯಾಗಿತ್ತು.

ನಾನು ನನ್ನ ಕೆಲಸ ಮಾಡಿದೆ.

16 ಜೂನ್, ಭಾನುವಾರ

ಬರೆಯುವಂಥದ್ದು ಏನೂ ಇಲ್ಲ. ನನ್ನ ಕೆಲಸವನ್ನೇ ಮಾಡಿದ್ದು.

27 ಜೂನ್, ಗುರುವಾರ

ಹತ್ತು ದಿನ ಬರೆಯಲಿಲ್ಲ. ಎರಕಗಳು ಬಂದವು, ಹೋದವು. ಮೇಷ್ಟ್ರ ಆಪರೇಷನ್ ಜುಲೈ ಹದಿನೈದಕ್ಕಂತೆ, ಬಾಲಾಜಿ ಸರ್ ಹೇಳಿದರು. ಹೆಂಡತಿ ಇಲ್ಲ, ಮಕ್ಕಳಿಲ್ಲ. ದಿನಾ ಹಾಲು, ಮಾತ್ರೆ ತಂದುಕೊಡುತ್ತಿದ್ದವರು ಆಂಜಿನಪ್ಪ. ಈಗ ಗೇಟಿನವರೆಗೆ ಬಂದು ಹಾಲಿನ ಪ್ಯಾಕೆಟ್ ಕಾಂಪೌಂಡಿನ ಮೇಲಿಟ್ಟು ಹೋಗುತ್ತಾರಂತೆ. ಮೇಷ್ಟ್ರು ಅದನ್ನು ಮುಟ್ಟುವುದಿಲ್ಲವಂತೆ. ಹಾಲು ಅಲ್ಲೇ ಒಡೆದು ಹೋಗುತ್ತದಂತೆ.

ಸಂಜೆ ಅತ್ತೆ ಹಿತ್ತಲಲ್ಲಿ ಅಲಸಂದೆಕಾಳು ಬಿಡಿಸುತ್ತಾ ಕೂತಿದ್ದರು. ಯಾಕೋ ನಾನೂ ಹೋಗಿ ಕೂತೆ. ಕೇಳಿದೆ.

“ಅವ್ರು ನಿಮ್ಗೆ ಏನಂತ ಹೇಳಿದ್ರು ಅತ್ತೆ, ಕಾಯಿಲೆ ಗೊತ್ತಾದ ದಿನ?”

ಅತ್ತೆ ತಲೆ ಎತ್ತಲಿಲ್ಲ. “ಶ್ಯಾಮ್ಲಂಗೆ ಯೋಳ್ಬ್ಯಾಡ ಕಣವ್ವಾ ಅಂದ. ಗೊತ್ತಾದ್ರೆ ಅವ್ಳು ನನ್ನ ಮುಖದಾಗೆ ದಿನಾ ಕಾಯ್ಲೆ ಹುಡುಕ್ತಾಳೆ, ನಂಗೆ ಅವ್ಳು ನಗೋದು ನೋಡ್ಕಂಡ್ ಹೋಗ್ಬೇಕು ಅಂದ. ಹೆತ್ತೋಳು ನಾನು. ನಾನು ಯಾರ್ ಮುಂದೆ ಅಳ್ಳಿ ಯೋಳು? ನಿನ್ ಮುಂದೆ ಅಳಂಗಿಲ್ಲ, ಅವ್ನ ಮುಂದೆ ಅಳಂಗಿಲ್ಲ. ನೀನು ಕೆಲಸಕ್ಕೋದ್ಮೇಲೆ ಬಚ್ಚಲಿಗೋಗಿ ಅತ್ತು ಬತ್ತಿದ್ದೆ.”

ಕಾಳು ಬಿಡಿಸುವುದು ಮುಗಿಯುವವರೆಗೆ ಅಲ್ಲೇ ಕೂತಿದ್ದೆ.

4 ಜುಲೈ, ಗುರುವಾರ

ಮೇಷ್ಟ್ರು ಬಸ್ಸಿನಲ್ಲಿ ಒಬ್ಬರೇ ಬಂದರು. ಎಂಟನೇ ಮೈಲಿಯ ಸ್ಟಾಪಿನಿಂದ ಕಲ್ಲು ಹೊತ್ತುಕೊಂಡು ನಡೆದು ಬಂದಿದ್ದರು. ತುಟಿ ನೀಲಿಗಟ್ಟಿತ್ತು. ನೀರು ಕೊಟ್ಟು ಫ್ಯಾನಿನ ಕೆಳಗೆ ಕೂರಿಸಿದೆ.

“ಇನ್ನೊಂದ್ಸಲ ತೋರ್ಸಮ್ಮ. ಅವತ್ತು ಸರಿಯಾಗಿ ನೋಡ್ಲಿಲ್ಲ” ಎಂದರು.

ತೋರಿಸಿದೆ. ಈ ಸಲ ನಿಧಾನವಾಗಿ. ತಳದಲ್ಲಿ ಉಳಿದಿರುವ ಕಲ್ಲನ್ನು ಮೊದಲು ತೋರಿಸಿದೆ. ಅದರಲ್ಲಿ ಮೂಳೆ ಇರಬಹುದೇ ಎಂದು ಕೇಳಿದರು. ನನಗೇನೂ ಕಾಣುತ್ತಿಲ್ಲ, ಬೇಕಾದರೆ ನ್ಯೂಟ್ರಾನಿಗೆ ಕಳಿಸಬಹುದು ಎಂದೆ.

“ಎರಡು ಬೆರಳು ಕಲ್ಲಿಗೆ ರಿಯಾಕ್ಟರ್ ಹತ್ರ ಹೋಗೋದಾ? ಬೇಡ ಬಿಡು.”

ಆಮೇಲೆ ಚಿಪ್ಪಿನ ತುಂಡುಗಳನ್ನು ತೋರಿಸಿದೆ. ಎಣಿಸಿದ್ದೆ, ಮೂವತ್ತೊಂದು. “ನೋಡಿ ಸಾರ್, ಎಲ್ಲೂ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಸಂದಿಲ್ಲ. ಒಂದು ತುಂಡೂ ತಿರುಗುಮುರುಗು ಆಗಿಲ್ಲ. ಇಲ್ಲಿ ನೋಡಿ, ಇದು ಕಡಲೆಬೇಳೆಯಷ್ಟಿದೆ. ಇದನ್ನೂ ಬಿಟ್ಟಿಲ್ಲ. ನಾವು ಮೆಷಿನ್ ಇಟ್ಕೊಂಡೂ ಇಷ್ಟು ಸರಿಯಾಗಿ ಕೂರಿಸೋಕಾಗಲ್ಲ.”

ಇದನ್ನೆಲ್ಲ ನಾನು ಯಾಕೆ ಹೇಳಿದೆನೋ ತಿಳಿಯದು. ಅವರು ಕೇಳಿರಲಿಲ್ಲ.

“ಇಪ್ಪತ್ತೇಳು ವರ್ಷ ಭೂತಗನ್ನಡಿ ಹಿಡ್ಕೊಂಡು ನೋಡಿದೀನಿ. ಮೊದಲಿಂದ್ಲೂ ಬಿರುಕು ಇದ್ವಲ್ಲ, ಅದರಲ್ಲಿ ಇದು ಸೇರ್ಕೊಂಡ್ಬಿಟ್ಟಿದೆ. ನನಗೇ ಗೊತ್ತಾಗ್ಲಿಲ್ಲ” ಎಂದರು. ಪರದೆಯ ಹತ್ತಿರಕ್ಕೆ ಬಾಗಿ ಆ ಸಣ್ಣ ತುಂಡನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿದರು.

“ಅಲ್ಲಮ್ಮ, ಒಡೆದಾಗ ಆಂಜಿನಪ್ಪ ಪಕ್ಕದಲ್ಲೇ ಇದ್ದನಲ್ಲ? ಒಳಗೆ ಏನಿತ್ತು ಅಂತ ನೋಡಿರೋನು ಪ್ರಪಂಚದಲ್ಲಿ ಅವನೊಬ್ಬನೇ ಅಲ್ವಾ?”

ಆಂಜಿನಪ್ಪ ನನಗೆ ಹೇಳಿದ್ದು ನಾಲಿಗೆಯ ತುದಿಗೆ ಬಂತು. ಕಣ್ಣ ತುಂಬ ನೀರಿತ್ತು, ಏನೂ ಕಾಣಲಿಲ್ಲ ಎಂದಿದ್ದರಲ್ಲ. ಮೇಷ್ಟ್ರು ಆಗಲೇ ಎದ್ದು ನಿಂತಿದ್ದರು. ನಾನು ಹೇಳಲಿಲ್ಲ.

6 ಜುಲೈ, ಶನಿವಾರ

ಮೇಷ್ಟ್ರನ್ನು ಅಬ್ಬಿಗೆರೆಗೆ ನಾನೇ ಕರೆದುಕೊಂಡು ಹೋದೆ. ಆಂಜಿನಪ್ಪನವರ ಮನೆಯ ಎರಡು ಪಕ್ಕದಲ್ಲೂ ಬಾಡಿಗೆ ಕಟ್ಟಡಗಳು ಎದ್ದಿವೆ. ನಡುವೆ ಇವರ ಹೆಂಚಿನ ಮನೆ ಬಾವಿಯೊಳಗಿರುವ ಹಾಗಿದೆ. ಅವರ ಹೆಂಡತಿ ಪಿಳ್ಳಮ್ಮ ಮೊರಕ್ಕೆ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದರು. ಮೇಷ್ಟ್ರನ್ನು ನೋಡಿ ಅವರ ಕೈ ಅಲ್ಲೇ ನಿಂತಿತು. ಒಳಗಿಂದ ಬಂದ ಆಂಜಿನಪ್ಪ ಮತ್ತೆ ಒಳಗೆ ಹೋಗಲು ತಿರುಗಿದರು.

“ನಿಂತ್ಕೊಳೋ, ಬೈಯೋಕೆ ಬಂದಿಲ್ಲ. ಒಂದೇ ಒಂದು ಕೇಳ್ಬೇಕು. ಕೂತ್ಕೋ” ಎಂದರು ಮೇಷ್ಟ್ರು.

ಆಂಜಿನಪ್ಪ ನೆಲದ ಮೇಲೆ ಕೂತರು. ಹದಿನೈದು ಇಪ್ಪತ್ತು ದಿನದಲ್ಲಿ ಇಳಿದುಹೋಗಿದ್ದಾರೆ, ಗಡ್ಡ ಬೆಳೆದಿದೆ.

“ಅವತ್ತು ಒಡೆದಾಗ ಒಳಗೆ ಏನಿತ್ತು?”

“ಕಲ್ಲು ಸಾ.”

“ಬರೀ ಕಲ್ಲಾ?”

ಆಂಜಿನಪ್ಪ ಮೇಷ್ಟ್ರ ಮುಖವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಕಣ್ಣು ತಗ್ಗಿಸಿದೆ.

“ಕಲ್ಲೊಳ್ಗೆ... ಮೀನಿನ ಮುಳ್ಳು ಇರ್ತದಲ್ಲ ಸಾ, ಅಂಗಿದ್ವು. ಸಣ್ಣಸಣ್ಣವು, ಸಾಲಾಗಿ.”

“ನೆಟ್ಟಗಿದ್ವಾ?”

“ಬಗ್ಗಿದ್ವು ಸಾ.”

“ಎಷ್ಟು?”

“ಎಣಿಸ್ನಿಲ್ಲ. ಏಳೋ ಎಂಟೋ. ಒಂದ್ಕಡೀಕೆ ಗುಂಡಗೆ ಒಂದಿತ್ತು, ಹುಣಸೆಬೀಜದಷ್ಟು.”

ಮೇಷ್ಟ್ರ ಉಸಿರು ಜೋರಾಗಿ ಕೇಳುತ್ತಿತ್ತು. “ಬರೆದು ತೋರ್ಸೋ” ಎಂದರು. ಪಿಳ್ಳಮ್ಮ ಮೊರವನ್ನು ಗಂಡನ ಮುಂದೆ ತಳ್ಳಿದರು. ಆಂಜಿನಪ್ಪ ಹಿಟ್ಟನ್ನು ಅಂಗೈಯಿಂದ ಸಮ ಮಾಡಿ ಬೆರಳಿನಿಂದ ಒಂದು ಬಾಗು ಎಳೆದರು, ಅದರ ಪಕ್ಕ ಇನ್ನೊಂದು. ಒಟ್ಟು ಎಂಟು ಗೆರೆ, ತುದಿಯಲ್ಲಿ ಒಂದು ಚುಕ್ಕೆ. ಮೇಷ್ಟ್ರು ಜೇಬಿನಿಂದ ಪುಸ್ತಕ ತೆಗೆದು ಹಾಗೆ ಹಾಗೆಯೇ ಬರೆದುಕೊಂಡರು. ಕೆಳಗೆ ತಾರೀಕು, ಊರು, ಆಂಜಿನಪ್ಪನ ಹೆಸರು ಹಾಕಿದರು.

“ಇದನ್ನ ಅವತ್ತೇ ಹೇಳಿದ್ರೆ ಏನಾಗ್ತಿತ್ತೋ ಬಡ್ಡೀಮಗನೆ” ಎಂದರು.

ಪಿಳ್ಳಮ್ಮ ಕಾಫಿ ಕೊಟ್ಟರು. ವಾಪಸು ಹೊರಡುವಾಗ ಕಲ್ಲನ್ನು ಆಂಜಿನಪ್ಪ ಎತ್ತಿಕೊಂಡರು. ಮೇಷ್ಟ್ರು ಬೇಡ ಎನ್ನಲಿಲ್ಲ.

14 ಜುಲೈ, ಭಾನುವಾರ

ಸಂಜೆ ಮೇಷ್ಟ್ರು ಆಸ್ಪತ್ರೆಯಿಂದ ಫೋನ್ ಮಾಡಿದ್ದರು. ನಾಳೆ ಬೆಳಿಗ್ಗೆ ಆಪರೇಷನ್.

“ಶ್ಯಾಮಲಾ, ಲೆಕ್ಕ ಹಾಕಿದೆ ಕಣಮ್ಮ. ಪಕ್ಕೆಲುಬು ಎಂಟು ಕಾಣೋ ಹಂಗಿದ್ರೆ ಮರಿ ಸಾಕಷ್ಟು ಬೆಳೆದಿತ್ತು. ಇನ್ನೊಂದಿಷ್ಟು ದಿನ ಇದ್ದಿದ್ರೆ ಹೊರಗೆ ಬಂದ್ಬಿಡ್ತಿತ್ತು. ಎಂಥಾ ಪಾಪ ನೋಡು.”

“ಹೌದು ಸಾರ್” ಎಂದೆ.

ಯಾರು ಫೋನಿನಲ್ಲಿ ಎಂದು ಅತ್ತೆ ಕೇಳಿದರು. ಎಲ್ಲ ಹೇಳಿದೆ. ನಮ್ಮನೆಯವರೂ ಶ್ರವಣಬೆಳಗೊಳಕ್ಕೆ ಹೋಗುವಾಗ ಬಸ್ಸಿನಲ್ಲಿ ಇಂಥದೇ ಏನೇನೋ ಲೆಕ್ಕ ಹೇಳಿ ನಗಿಸುತ್ತಿದ್ದರು, ಬೆಟ್ಟದ ಮೆಟ್ಟಿಲು ಎಷ್ಟು, ನಾನು ಎಷ್ಟನೆಯದರಲ್ಲಿ ಕೂರುತ್ತೇನೆ ಎಂದು. ಅದನ್ನೂ ಹೇಳಿದೆ.

18 ಜುಲೈ, ಗುರುವಾರ

ಮೇಷ್ಟ್ರು ಹೋದರು. ಆಪರೇಷನ್ ಆದ ಮೇಲೆ ಎಚ್ಚರವೇ ಆಗಲಿಲ್ಲ. ನಿನ್ನೆ ಮಧ್ಯಾಹ್ನ ಮುಗಿಯಿತಂತೆ.

ಇವತ್ತು ರಜೆ ಹಾಕಿ ಮಹಾಲಕ್ಷ್ಮಿ ಲೇಔಟಿನ ಅವರ ಮನೆಗೆ ಹೋದೆ. ಅವರ ತಮ್ಮನ ಕಡೆಯವರು ಬಂದಿದ್ದರು. ಆಂಜಿನಪ್ಪ ಗೇಟಿನ ಹೊರಗೆ ಹೊಂಗೆಮರದ ಕೆಳಗೆ ನಿಂತಿದ್ದರು. ಬೆಳಿಗ್ಗೆ ಆರರಿಂದ ನಿಂತಿದ್ದರಂತೆ. ಒಳಗಿನವರಿಗೆ ಅವರು ಯಾರೆಂದು ಗೊತ್ತಿರಲಿಲ್ಲ, ಇವರಾಗಿ ಹೇಳಿಯೂ ಇರಲಿಲ್ಲ. ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ.

“ಯಾರಮ್ಮ ಇವರು?” ಎಂದರು ಒಬ್ಬರು.

“ಮೇಷ್ಟ್ರ ಜೊತೆ ಕೆಲಸ ಮಾಡಿದವರು.”

ದಾರಿ ಬಿಟ್ಟರು. ಆಂಜಿನಪ್ಪ ಮೇಷ್ಟ್ರ ಪಾದ ಮುಟ್ಟಿ, ಕೈ ತೆಗೆಯದೆ ಬಹಳ ಹೊತ್ತು ಹಾಗೆಯೇ ಬಾಗಿದ್ದರು.

ಎಲ್ಲ ಮುಗಿದು ಬಸ್ ಸ್ಟಾಪಿನವರೆಗೆ ಇಬ್ಬರೂ ನಡೆದು ಬಂದೆವು.

“ಆ ಮುಳ್ಳು ಗಿಳ್ಳು ಏನೂ ನೋಡ್ನಿಲ್ಲ ಮೇಡಂ ನಾನು” ಎಂದರು ಆಂಜಿನಪ್ಪ. “ನಿಮ್ಗೆ ಗೊತ್ತಿತ್ತು.”

“ಗೊತ್ತಿತ್ತು.”

“ಮತ್ತೆ ಯಾಕೆ ಸುಮ್ಕಿದ್ರಿ?”

ಭಾನುವಾರ ಮೇಷ್ಟ್ರು ಫೋನಿನಲ್ಲಿ ಆಡಿದ ಮಾತನ್ನು ಹೇಳಿದೆ. ಮರಿ ಎಷ್ಟು ಬೆಳೆದಿತ್ತು ಎಂದು ಲೆಕ್ಕ ಹಾಕಿದ್ದನ್ನು, ಇನ್ನೊಂದಿಷ್ಟು ದಿನ ಇದ್ದಿದ್ದರೆ ಹೊರಗೆ ಬರುತ್ತಿತ್ತು ಎಂದದ್ದನ್ನು, ಆಗ ಅವರ ದನಿ ಹೇಗಿತ್ತು ಎಂಬುದನ್ನು.

ಆಂಜಿನಪ್ಪ ಸ್ಟಾಪಿನ ಕಟ್ಟೆಯ ಮೇಲೆ ಕೂತು ಟವೆಲಿನಿಂದ ಮುಖ ಮುಚ್ಚಿಕೊಂಡರು. ನಾನು ಪಕ್ಕದಲ್ಲಿ ಕೂತೆ. ಅಬ್ಬಿಗೆರೆಯ ಬಸ್ಸು ಎರಡು ಬಂದು ಹೋದವು. ಮೂರನೆಯದಕ್ಕೆ ಅವರನ್ನು ಹತ್ತಿಸಿದೆ.